ಶುಕ್ರವಾರ ರಾತ್ರಿ ಇಡೀ ಊರೇ ಗ್ರೌಂಡಲ್ಲಿ, ನಾವೂ ಹೋಗ್ಬೇಕಾ?

ಪ್ರಶ್ನೆ:
ಟೆಕ್ಸಾಸ್‌ನ ಪುಟ್ಟ ಊರಿಗೆ ಬಂದು ಎರಡು ತಿಂಗ್ಳಾಯ್ತು. ಶುಕ್ರವಾರ ಸಂಜೆ ಆದ್ರೆ ಬೀದೀಲಿ ಒಂದು ನರಪಿಳ್ಳೆ ಇಲ್ಲ, ಕಟಿಂಗ್ ಶಾಪಿನ ಬಾಗಿಲಿಗೆ "ಮ್ಯಾಚಿಗೆ ಹೋಗಿದೀವಿ" ಅಂತ ಚೀಟಿ ಅಂಟಿಸಿದಾರೆ! ಹೈಸ್ಕೂಲ್ ಹುಡುಗ್ರ ಅಮೆರಿಕನ್ ಫುಟ್‌ಬಾಲಿಗೆ (ಚೆಂಡು ಕೈಲಿ ಹಿಡ್ಕೊಂಡು ಓಡೋ ಆಟ) ಇಷ್ಟೊಂದಾ? ಮಗ ಬ್ಯಾಂಡ್ ಸೇರಿದಾನೆ, ನಮಗೆ ಮಾತ್ರ ಆಟದ ತಲೆಬುಡ ಗೊತ್ತಿಲ್ಲ.

ಉತ್ತರ:
ಹೋಗಿ ಸರ್, ಯೋಚ್ನೆನೇ ಬೇಡ. ನಾಲ್ಕು ಚಾನ್ಸಲ್ಲಿ ಚೆಂಡನ್ನ ಹತ್ತು ಗಜ ಮುಂದೆ ಒಯ್ಬೇಕು, ಟಚ್‌ಡೌನಿಗೆ (ಚೆಂಡನ್ನ ಎದುರಾಳಿ ಕಡೆಯ ಕೊನೇ ಗೆರೆ ದಾಟಿಸಿದ್ರೆ) 6 ಪಾಯಿಂಟು, ಮೊದಲ್ನೇ ದಿನಕ್ಕೆ ಇಷ್ಟ್ ಸಾಕು. ಸ್ಕೂಲ್ ಮ್ಯಾಚಿಗೆ ಹೊಡ್ತ ಬೀಳ್ದಿರ್ಲಿ ಅಂತ 1961ರ ಕಾನೂನಿಗೆ 1966ರಲ್ಲಿ ತಿದ್ದುಪಡಿ ತಂದು ಸೀಸನ್ ಟೈಮಲ್ಲಿ ಶುಕ್ರವಾರ ಸಂಜೆಯ ಎನ್‌ಎಫ್‌ಎಲ್ (ದೊಡ್ಡೋರ ವೃತ್ತಿಪರ ಲೀಗ್) ಟೀವಿ ಪ್ರಸಾರಕ್ಕೆ ಕಡಿವಾಣ ಹಾಕಿದಾರೆ ಅಂದ್ರೆ ನೋಡಿ.

ಉತ್ತರ:
ಹತ್ತು ಗಜ ಅನ್ನೋಕ್ ಮುಂಚೆ ಟೀಮಲ್ಲಿ ಎಷ್ಟ್ ಜನ ಅಂತ ಎಣಿಸ್ಕೊಳ್ಳಿ. ತೀರಾ ಸಣ್ಣ ಸ್ಕೂಲಾದ್ರೆ ಆರೇ ಜನ ಆಡ್ತಾರೆ, ಗ್ರೌಂಡು 80 ಗಜ, ಅಲ್ಲಿ 15 ಗಜ ಹೋಗ್ಬೇಕು, 45 ಪಾಯಿಂಟ್ ಅಂತರ ಬಿದ್ರೆ ಹಾಫ್‌ಟೈಮ್ ಆದ್ಮೇಲೆ ಆಟ ಅಲ್ಲಿಗೇ ಮುಗೀತು. ಈ ಆರು ಜನರ ಆಟ 1934ರಲ್ಲಿ ನೆಬ್ರಾಸ್ಕ ರಾಜ್ಯದಲ್ಲಿ ಶುರುವಾಗಿದ್ದು, ಹುಡುಗ್ರು ಸಾಲ್ತಿರ್ಲಿಲ್ಲ ಅಂತ.

ಉತ್ತರ:
ರೂಲ್ಸ್ ಬಿಡಿ, ಬೂಸ್ಟರ್ ಕ್ಲಬ್ (ಸ್ಕೂಲ್ ಟೀಮು, ಬ್ಯಾಂಡಿಗೆ ನೆರವಾಗೋ ಪೋಷಕರ ಗುಂಪು) ಸೇರಿ. ನಾನು ತಿಂಡಿ ಸ್ಟಾಲಲ್ಲಿ ನಾಚೋಸ್ ಮೇಲೆ ಚೀಸ್ ಸುರೀತಾ ನಿಂತಿದ್ದೇ ಅರ್ಧ ಊರು ಪರಿಚಯ ಆಯ್ತು, ಮ್ಯಾಚ್ ಮಾತ್ರ ಇವತ್ತಿಗೂ ಪೂರ್ತಿ ನೋಡಿಲ್ಲ 😄 ಮಗನ ಬ್ಯಾಂಡ್ ಹಾಫ್‌ಟೈಮಲ್ಲಿ ಬರುತ್ತೆ, ಆಗ ಕಾಫಿಗೆ ಅಂತ ಎದ್ದೋಗ್ಬೇಡಿ.