ನಡುಕೋಣೆಯಲ್ಲಿ ಬೇಸ್ ಕಾಣೆ, ಗೋಡೆಯ ಬಳಿ ಗುದ್ದು: ಯಾವುದನ್ನು ನಂಬಬೇಕು?

ಪ್ರಶ್ನೆ (ವಿಜಯಪುರದಿಂದ): ಸರ್, ಹಾಡು ಕೇಳುವುದಕ್ಕೆಂದೇ 12 ಅಡಿಗೆ 12 ಅಡಿಯ ಒಂದು ಕೋಣೆಯನ್ನು ಇಟ್ಟುಕೊಂಡಿದ್ದೇನೆ. ಇಟ್ಟಿಗೆ ಗೋಡೆ, ಆರ್‌ಸಿಸಿ ಛಾವಣಿ. ಎರಡು ಚಿಕ್ಕ ಸ್ಪೀಕರ್, ಬೇಸ್, ಅಂದರೆ ತಗ್ಗು ಸ್ವರಗಳನ್ನು ನುಡಿಸುವ 10 ಇಂಚಿನ ಒಂದು ಸಬ್‌ವೂಫರ್. ಕೋಣೆಯ ನಡುವಿನ ಕುರ್ಚಿಯಲ್ಲಿ ಸಿನಿಮಾ ಹಾಡುಗಳ ತಳದ ಬಡಿತ ಕೇಳಿಸುವುದೇ ಇಲ್ಲ. ಹಿಂದಿನ ಗೋಡೆಗೆ ತಾಗಿದ ಮಂಚದ ಮೇಲೆ ಒರಗಿದರೆ ಎದೆಗೆ ಗುದ್ದುತ್ತದೆ. ಅಂಗಡಿಯವರು 12 ಇಂಚಿನದನ್ನು ಕೊಳ್ಳಿರೆನ್ನುತ್ತಾರೆ. ಬೇಸ್ ಸರಿಯಿದೆಯೇ ಎಂಬುದನ್ನು ಎಲ್ಲಿ ಕುಳಿತು ನಿರ್ಣಯಿಸಬೇಕು?

ಉತ್ತರ (ಬೆಳಗಾವಿಯ ಧ್ವನಿ ತಂತ್ರಜ್ಞ): ಸಬ್‌ವೂಫರ್ ಬದಲಿಸುವ ಮೊದಲು ಕುರ್ಚಿಯ ಜಾಗ ಬದಲಿಸಿ ನೋಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ನಿಮ್ಮ ಕೋಣೆಯ ಉದ್ದ 3.66 ಮೀಟರ್. ವೇಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 47 ಹರ್ಟ್ಸ್ (ಸೆಕೆಂಡಿಗೆ 47 ಕಂಪನ) ಬರುತ್ತದೆ, ಮತ್ತು ಎದುರುಬದುರು ಗೋಡೆಗಳ ನಡುವೆ ಹೋಗಿಬರುವ ಈ ಸ್ವರವು ಗೋಡೆಯ ಬಳಿ ಉಬ್ಬಿ, ನಟ್ಟನಡುವೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಉದ್ದಗಲಗಳು ಸಮವಾಗಿರುವ ಚೌಕ ಕೋಣೆಯಲ್ಲಿ ಎರಡೂ ದಿಕ್ಕಿನ ದೋಷ ಒಂದೇ ಸ್ವರದ ಮೇಲೆ ಬೀಳುತ್ತದೆ. ಗೋಳಗುಮ್ಮಟದಲ್ಲಿ ಶಬ್ದ ದೂರ ಹೋಗಿ ತಡವಾಗಿ ಮರಳುವುದರಿಂದ ಪ್ರತಿಧ್ವನಿ ಬಿಡಿಬಿಡಿಯಾಗಿ ಕೇಳಿಸುತ್ತದೆ. ನಿಮ್ಮ ಕೋಣೆಯಲ್ಲಿ ಮರಳಿದ್ದು ಮೂಲದೊಳಗೇ ಬೆರೆತು ಅದನ್ನು ಹಿಗ್ಗಿಸುತ್ತದೆ, ಇಲ್ಲವೇ ನುಂಗುತ್ತದೆ. 12 ಇಂಚಿನದನ್ನು ತಂದರೂ ನುಂಗುವುದು ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ.

ಸಬ್‌ವೂಫರನ್ನು ನೀವು ಕೂರಬೇಕೆಂದಿರುವ ಜಾಗದಲ್ಲಿಯೇ ಇಟ್ಟು, ಸಣ್ಣ ದನಿಯಲ್ಲಿ 30ರಿಂದ 120 ಹರ್ಟ್ಸ್‌ವರೆಗೆ ಐದೈದರಂತೆ ಸ್ವರಗಳನ್ನು ನುಡಿಸುತ್ತ, ಗೋಡೆಗುಂಟ ಅಂಬೆಗಾಲಿಡುತ್ತ ಕೇಳಿ (ಮನೆಯವರು ನಕ್ಕರೆ ನಗಲಿ). ಎಲ್ಲಿ ಅವು ಹೆಚ್ಚು ಸಮನಾಗಿ ಕೇಳುತ್ತವೆಯೋ ಅಲ್ಲಿಗೆ ಸಬ್‌ವೂಫರನ್ನು ಒಯ್ಯಿರಿ. ಕುರ್ಚಿಗೆ ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಆರಂಭಕ್ಕೆ ಒಳ್ಳೆಯ ಜಾಗ. 30ರ ಸ್ವರ ಕಿವಿಗೆ 100ರದಕ್ಕಿಂತ ಸಹಜವಾಗಿಯೇ ಕ್ಷೀಣವಾಗಿ ಕೇಳುವುದರಿಂದ, ಅಕ್ಕಪಕ್ಕದ ಸ್ವರಗಳ ನಡುವೆ ಹಠಾತ್ತಾಗಿ ಬರುವ ಏರಿಳಿತವನ್ನು ಮಾತ್ರ ದೋಷವೆಂದು ಗುರುತಿಸಿ.

ಕೊನೆಗೆ ತಬಲಾ ಕೇಳಿ. ತಬಲಾ ಜೋಡಿಯಲ್ಲಿ ತಗ್ಗು ಸ್ವರ ಕೊಡುವ ಡಗ್ಗಾದ ಮೇಲೆ ಮುಂಗೈ ಒತ್ತಿ ಜಾರಿಸಿದಾಗ ನಾದ ಮೇಲೇರುತ್ತದಲ್ಲ, ಆ ಜಾರುವಿಕೆಯ ನಡುವೆ ಒಂದು ಕಡೆ ಮಾತ್ರ ಕೋಣೆ ಗುಂಯ್ ಎಂದರೆ ಅದು ವಾದಕನ ಕೈಯದಲ್ಲ, ನಿಮ್ಮ ಗೋಡೆಗಳದು. ನನ್ನ ಮಟ್ಟಿಗೆ ಯಾವ ಮೀಟರಿಗಿಂತಲೂ ಬೇಗ ಸತ್ಯ ಹೇಳುವ ಪರೀಕ್ಷೆ ಇದು.

ಮರುಪ್ರಶ್ನೆ: ಮೊಬೈಲ್‌ನಿಂದ ಅಳೆಯಬಹುದೇ? ಗೋಡೆಗೆ ಫೋಮ್ ಅಂಟಿಸಲೇ?

ಉತ್ತರ: ಮೊಬೈಲ್‌ನ ಮೈಕ್ ತೀರಾ ಕೆಳಗಿನ ಸ್ವರಗಳನ್ನು ತಗ್ಗಿಸಿ ತೋರಿಸುತ್ತದೆ, ಒಂದೇ ಸ್ವರವನ್ನು ಎರಡು ಜಾಗಗಳಲ್ಲಿ ಹೋಲಿಸುವುದಕ್ಕಷ್ಟೇ ಬಳಸಿ. ಫೋಮ್ ಬೇಡ. 47 ಹರ್ಟ್ಸ್‌ನ ತರಂಗ 7.3 ಮೀಟರ್ ಉದ್ದವಿರುವಾಗ ಎರಡು ಇಂಚಿನ ಫೋಮ್ ಅದನ್ನು ಮುಟ್ಟುವುದಿಲ್ಲ. ಮೇಲಿನ ಸ್ವರಗಳನ್ನು ಮಾತ್ರ ಹೀರಿ, ಗುಂಯ್‌ಗುಟ್ಟುವಿಕೆ ಇನ್ನಷ್ಟು ಎದ್ದು ಕಾಣುವಂತೆ ಮಾಡುತ್ತದೆ. ಪರೀಕ್ಷೆಯ ವೇಳೆ ಬಾಗಿಲು ಕಿಟಕಿಗಳು ನೀವು ದಿನವೂ ಕೇಳುವಾಗ ಇರುವಂತೆಯೇ ಇರಲಿ. ಬಾಗಿಲು ತೆರೆದರೆ ಬೇಸ್ ಹೊರಗೆ ಹರಿದು ಈ ಲೆಕ್ಕವೆಲ್ಲ ಬದಲಾಗುತ್ತದೆ.