ಕೆಟ್ಟ ಉಪಕರಣವನ್ನು ಇಟ್ಟುಕೊಂಡೇ ವಿಮಾನ ಹೊರಡಲು ಅನುಮತಿ ಹೇಗೆ ಸಿಗುತ್ತದೆ?

ಪ್ರಶ್ನೆ

ಇತ್ತೀಚೆಗೆ ನಾನು ಹತ್ತಿದ ವಿಮಾನವೊಂದರಲ್ಲಿ, ಎಪಿಯು ಎಂಬ ಸಹಾಯಕ ಯಂತ್ರ ಕೆಲಸ ಮಾಡುತ್ತಿಲ್ಲವಾದ್ದರಿಂದ ಹೊರಡುವವರೆಗೆ ಒಳಗೆ ಸ್ವಲ್ಪ ಸೆಕೆಯಾಗಬಹುದು, ಎಂಜಿನ್ ಚಾಲನೆಗೆ ಹೊರಗಿನ ಯಂತ್ರದ ನೆರವು ಪಡೆಯುತ್ತೇವೆ ಎಂದು ಕ್ಯಾಪ್ಟನ್ ಪ್ರಕಟಿಸಿದರು. ವಿಮಾನ ಹೊರಟಿತು, ಸಮಯಕ್ಕೆ ಸರಿಯಾಗಿ ತಲುಪಿತು. ಆದರೆ ಅದಕ್ಕೂ ಹಿಂದಿನ ಪ್ರಯಾಣವೊಂದರಲ್ಲಿ, ಸರಕಿನ ಬಾಗಿಲಿನ ಒಂದು ಸೆನ್ಸರ್ ಸರಿಯಾಗಿ ತೋರಿಸುತ್ತಿಲ್ಲವೆಂಬ ಕಾರಣಕ್ಕೆ ನಮ್ಮನ್ನು ಬಹಳ ಹೊತ್ತು ಕಾಯಿಸಿದ್ದರು. ಒಂದು ಇಡೀ ಯಂತ್ರವೇ ಕೆಟ್ಟಿದ್ದರೂ ಹಾರಬಹುದು, ಬೆರಳುದ್ದದ ಸೆನ್ಸರ್ ಕೆಟ್ಟರೆ ಹಾರಬಾರದು ಎಂಬುದರ ಹಿಂದಿರುವ ತರ್ಕವೇನು? ಇದನ್ನು ನಿರ್ಧರಿಸುವವರು ಪೈಲಟ್ಟೋ, ಎಂಜಿನಿಯರೋ, ವೇಳಾಪಟ್ಟಿಯ ಒತ್ತಡದಲ್ಲಿರುವ ಕಚೇರಿಯೋ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಆ ನಿರ್ಧಾರವನ್ನು ಹೊರಡುವ ಗಡಿಬಿಡಿಯಲ್ಲಿ ಯಾರ ವಿವೇಚನೆಗೂ ಪೂರ್ತಿಯಾಗಿ ಬಿಟ್ಟುಕೊಟ್ಟಿರುವುದಿಲ್ಲ. ಯಾವ ಉಪಕರಣ ಕೆಲಸ ಮಾಡದಿದ್ದಾಗ, ಯಾವ ಷರತ್ತುಗಳ ಮೇಲೆ, ಎಷ್ಟು ದಿನಗಳವರೆಗೆ ವಿಮಾನ ಹಾರಬಹುದು ಎಂಬುದನ್ನು ಮೊದಲೇ ವಿಶ್ಲೇಷಿಸಿ ಬರೆದಿಟ್ಟ ಒಂದು ದಾಖಲೆಯಿದೆ. ಅದರ ಹೆಸರು ಮಿನಿಮಮ್ ಎಕ್ವಿಪ್‌ಮೆಂಟ್ ಲಿಸ್ಟ್. ನಮ್ಮ ಕೆಲಸದಲ್ಲಿ ಎಲ್ಲರೂ ಎಂಇಎಲ್ ಎಂದೇ ಕರೆಯುತ್ತೇವೆ. ವಿಮಾನದ ಮಾದರಿಗೆ ಸಂಬಂಧಿಸಿ ನಿಯಂತ್ರಕ ಸಂಸ್ಥೆ ಒಪ್ಪಿದ ಮೂಲ ಪಟ್ಟಿಯೊಂದಿರುತ್ತದೆ, ಅದನ್ನು ಆಧರಿಸಿ ಪ್ರತಿ ವಿಮಾನಯಾನ ಸಂಸ್ಥೆಯೂ ತನ್ನ ಪಟ್ಟಿಯನ್ನು ರೂಪಿಸಿಕೊಳ್ಳುತ್ತದೆ. ಸಂಸ್ಥೆಯ ಪಟ್ಟಿ ಮೂಲಕ್ಕಿಂತ ಬಿಗಿಯಾಗಿರಬಹುದು, ಸಡಿಲವಾಗಿರುವಂತಿಲ್ಲ.

ಈಗ ಎಪಿಯು ವಿಚಾರಕ್ಕೆ ಬರೋಣ. ಅದು ಬಾಲದ ತುದಿಯಲ್ಲಿರುವ ಒಂದು ಚಿಕ್ಕ ಗ್ಯಾಸ್ ಟರ್ಬೈನ್. ವಿಮಾನ ನೆಲದ ಮೇಲಿರುವಾಗ ವಿದ್ಯುತ್ತನ್ನೂ, ಹವಾನಿಯಂತ್ರಣಕ್ಕೆ ಮತ್ತು ಎಂಜಿನ್ ಚಾಲನೆಗೆ ಬೇಕಾದ ಒತ್ತಡದ ಗಾಳಿಯನ್ನೂ ಒದಗಿಸುವುದು ಅದರ ಮುಖ್ಯ ಕೆಲಸ. ಅದು ಕೆಟ್ಟರೆ ಹೊರಗಿನ ಯಂತ್ರದಿಂದ ಗಾಳಿ ಪಡೆದು ಒಂದು ಎಂಜಿನ್ ಚಾಲೂ ಮಾಡಿ, ಆ ಎಂಜಿನ್ನಿನ ಗಾಳಿಯಿಂದಲೇ ಇನ್ನೊಂದನ್ನು ಚಾಲೂ ಮಾಡುತ್ತಾರೆ. ಹಾರಾಟದಲ್ಲಿ ಎರಡೂ ಎಂಜಿನ್‌ಗಳ ಜನರೇಟರ್‌ಗಳು ವಿದ್ಯುತ್ ಕೊಡುತ್ತವೆ. ಎಪಿಯು ಅಲ್ಲಿ ಮೀಸಲು ಮಾತ್ರ. ಆದರೆ ಅದೇ ವಿಮಾನದಲ್ಲಿ ಎಂಜಿನ್ನಿನ ಒಂದು ಜನರೇಟರ್ ಕೂಡ ಕೆಟ್ಟಿದ್ದರೆ ಚಿತ್ರವೇ ಬದಲಾಗುತ್ತದೆ, ಏಕೆಂದರೆ ಒಂದು ಜನರೇಟರ್ ಇಲ್ಲದೆ ಹಾರಲು ಸಾಮಾನ್ಯವಾಗಿ ಇರುವ ಷರತ್ತೇ ಎಪಿಯು ಜನರೇಟರ್ ಸುಸ್ಥಿತಿಯಲ್ಲಿರಬೇಕು ಎಂಬುದು. ಹಾಗಾಗಿ ಪಟ್ಟಿಯನ್ನು ಓದುವಾಗ ಕೆಟ್ಟದ್ದು ಯಾವುದು ಎಂದು ನೋಡಿದರೆ ಸಾಲದು, ಅದರ ಕೆಲಸವನ್ನು ಹೊರುವ ಉಳಿದದ್ದೇನಿದೆ ಎಂದು ನೋಡಬೇಕು.

ಬಾಗಿಲಿನ ಸೆನ್ಸರ್ ಗಾತ್ರದಲ್ಲಿ ಚಿಕ್ಕದು, ನಿಜ. ಆದರೆ ಸೂಚಕ ಮಾತ್ರ ಕೆಟ್ಟಿದೆಯೋ, ಚಿಲಕವೇ ಸರಿಯಾಗಿ ಬಿದ್ದಿಲ್ಲವೋ ಎಂಬುದು ಕಾಕ್‌ಪಿಟ್‌ನಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. 1974ರ ಮಾರ್ಚ್ 3ರಂದು ಪ್ಯಾರಿಸ್ ಸಮೀಪ ಟರ್ಕಿಶ್ ಏರ್‌ಲೈನ್ಸ್‌ನ ಡಿಸಿ-10 ವಿಮಾನದ ಹಿಂಬದಿಯ ಸರಕಿನ ಬಾಗಿಲು, ಚಿಲಕ ಸರಿಯಾಗಿ ಬೀಳದೆ, ಹಾರಾಟದಲ್ಲಿ ಕಿತ್ತುಹೋಯಿತು. ಒಳಗಿನ ಒತ್ತಡ ಒಮ್ಮೆಲೇ ಹೊರಹೋದಾಗ ಕ್ಯಾಬಿನ್ನಿನ ನೆಲ ಕುಸಿದು, ಅದರಡಿಯಲ್ಲಿ ಹಾದುಹೋಗಿದ್ದ ನಿಯಂತ್ರಣದ ಕೇಬಲ್‌ಗಳು ತುಂಡಾಗಿ, 346 ಮಂದಿ ಸತ್ತರು. ನಿಮ್ಮನ್ನು ಕಾಯಿಸಿದ ಆ ಹೊತ್ತಿನಲ್ಲಿ ಎಂಜಿನಿಯರ್ ಬಹುಶಃ ಈ ಒಂದು ಸಂದೇಹವನ್ನೇ ಬಗೆಹರಿಸುತ್ತಿದ್ದರು, ಮತ್ತು ಅದು ಬಗೆಹರಿಯದೆ ಹೊರಡದಿದ್ದುದು ಸರಿಯಾಗಿಯೇ ಇತ್ತು.

ದುರಸ್ತಿಯನ್ನು ಮುಂದೂಡಿದ ಪ್ರತಿ ದೋಷಕ್ಕೂ, ಪಟ್ಟಿಯಲ್ಲಿ ಅದು ಸೇರಿದ ವರ್ಗಕ್ಕೆ ತಕ್ಕಂತೆ, ಗಡುವಿದೆ. ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10 ದಿನ, ಡಿ ವರ್ಗಕ್ಕೆ 120 ದಿನ. ಎ ವರ್ಗಕ್ಕೆ ಆಯಾ ಉಪಕರಣದ ಮುಂದೆಯೇ ಮಿತಿ ಬರೆದಿರುತ್ತದೆ. ದೋಷವನ್ನು ಟೆಕ್ನಿಕಲ್ ಲಾಗ್‌ನಲ್ಲಿ ದಾಖಲಿಸಿ, ಕಾಕ್‌ಪಿಟ್‌ನಲ್ಲಿ ಆ ಸ್ವಿಚ್ಚಿನ ಬಳಿ ಚೀಟಿ ಅಂಟಿಸಲಾಗುತ್ತದೆ. ಷರತ್ತುಗಳು ಹಾರಾಟದ ಯೋಜನೆಯನ್ನೂ ಬದಲಿಸಬಲ್ಲವು: ಹವಾಮಾನ ರೇಡಾರ್ ಇಲ್ಲದ ವಿಮಾನವನ್ನು ಗುಡುಗುಮೋಡಗಳ ಮುನ್ಸೂಚನೆಯಿರುವ ಮಾರ್ಗಕ್ಕೆ ಕಳುಹಿಸುವಂತಿಲ್ಲ. ಇಷ್ಟೆಲ್ಲ ಆದ ಮೇಲೂ, ಪಟ್ಟಿ ಒಪ್ಪಿದರೂ ಆ ದಿನದ ಪರಿಸ್ಥಿತಿಯಲ್ಲಿ ಇದು ಬೇಡ ಎನ್ನುವ ಅಧಿಕಾರ ಕ್ಯಾಪ್ಟನ್‌ಗೆ ಇದೆ. ಆ ಅಧಿಕಾರವನ್ನು ಬಳಸಿದವರನ್ನು ಪ್ರಶ್ನಿಸದ ಸಂಸ್ಥೆಯನ್ನು ನಾನು ಒಳ್ಳೆಯ ಸಂಸ್ಥೆ ಎಂದು ಪರಿಗಣಿಸುತ್ತೇನೆ.

ಎರಡನೆಯ ಉತ್ತರ

ಮೇಲಿನ ವಿವರಣೆಯನ್ನು ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸಬೇಕೆನಿಸುತ್ತದೆ. ಒಂದು ಕೆಟ್ಟರೆ ಇನ್ನೊಂದಿದೆ ಎಂಬ ಲೆಕ್ಕಾಚಾರ ನಿಲ್ಲುವುದು, ಆ ಎರಡೂ ಒಂದೇ ಕಾರಣದಿಂದ ಕೆಡುವುದಿಲ್ಲ ಎಂಬ ಭರವಸೆಯ ಮೇಲೆ. ಆ ಭರವಸೆಯನ್ನು ವಿನ್ಯಾಸ ಮಾಡಿದವರು ಕೊಟ್ಟಿದ್ದರೂ, ಹ್ಯಾಂಗರ್‌ನಲ್ಲಿ ಒಂದೇ ರಾತ್ರಿಯ ಕೆಲಸ ಅದನ್ನು ಕಿತ್ತುಹಾಕಬಹುದು.

1983ರ ಮೇ 5ರಂದು ಈಸ್ಟರ್ನ್ ಏರ್‌ಲೈನ್ಸ್‌ನ 855ನೇ ಹಾರಾಟ ಮಯಾಮಿಯಿಂದ ನಸಾವುಗೆ ಹೊರಟಿತ್ತು. ಲಾಕ್‌ಹೀಡ್ ಎಲ್-1011 ಮೂರು ಎಂಜಿನ್ನಿನ ವಿಮಾನ. ಎಂಜಿನ್ನಿನ ಎಣ್ಣೆಯಲ್ಲಿ ಲೋಹದ ಚೂರುಗಳಿವೆಯೇ ಎಂದು ಪತ್ತೆ ಹಚ್ಚುವ ಅಯಸ್ಕಾಂತದ ಚಿಪ್ ಡಿಟೆಕ್ಟರ್‌ಗಳನ್ನು ಹೊರಡುವ ಮೊದಲು ಮೂರೂ ಎಂಜಿನ್‌ಗಳಲ್ಲಿ ಬದಲಿಸಿದ್ದರು. ಸೀಲ್ ಮೊದಲೇ ಜೋಡಿಸಿಟ್ಟ ಡಿಟೆಕ್ಟರ್‌ಗಳೇ ಕೈಗೆ ಸಿಗುವುದು ರೂಢಿಯಾಗಿತ್ತು, ಆದರೆ ಆ ಸಲ ಹಾಕಿದವುಗಳಲ್ಲಿ ಓ-ರಿಂಗ್ ಸೀಲ್ ಇರಲಿಲ್ಲ. ಮೂರೂ ಎಂಜಿನ್‌ಗಳಿಂದ ಎಣ್ಣೆ ಸೋರತೊಡಗಿತು. ಎಣ್ಣೆಯ ಒತ್ತಡ ಕುಸಿದ ಒಂದು ಎಂಜಿನ್ನನ್ನು ನಿಲ್ಲಿಸಿ ಸಿಬ್ಬಂದಿ ಮಯಾಮಿಯತ್ತ ಹಿಂದಿರುಗುವಾಗ ಉಳಿದೆರಡೂ ನಿಂತುಹೋದವು. ಮೊದಲು ನಿಲ್ಲಿಸಿದ್ದನ್ನೇ ಮತ್ತೆ ಚಾಲೂ ಮಾಡಿ, ಆ ಒಂದೇ ಎಂಜಿನ್ನಿನ ಬಲದಲ್ಲಿ ವಿಮಾನವನ್ನು ಇಳಿಸಿದರು. ವಿಮಾನದಲ್ಲಿದ್ದ 172 ಮಂದಿಯೂ ಉಳಿದರು.

ಮೂರು ಎಂಜಿನ್‌ಗಳು ಒಟ್ಟಿಗೆ ಕೆಡುವ ಸಂಭವ ಕಾಗದದ ಮೇಲೆ ನಗಣ್ಯ. ಆದರೆ ಒಂದೇ ಬಗೆಯ ಲೋಪ ಮೂರಕ್ಕೂ ಮುಟ್ಟಿದಾಗ ಆ ಗಣಿತಕ್ಕೆ ಅರ್ಥವಿಲ್ಲ. ಸಮುದ್ರದ ಮೇಲೆ ದೂರ ಹಾರುವ ಎರಡು ಎಂಜಿನ್ನಿನ ವಿಮಾನಗಳ ವಿಷಯದಲ್ಲಿ, ಎರಡೂ ಎಂಜಿನ್‌ಗಳ ಮೇಲೆ ಒಂದೇ ಬಗೆಯ ಕೆಲಸವನ್ನು ಒಬ್ಬರೇ ಒಂದೇ ಭೇಟಿಯಲ್ಲಿ ಮಾಡುವುದನ್ನು ತಪ್ಪಿಸುವ ನಿಯಮ ಇಂದು ಇರುವುದು ಇದೇ ಕಾರಣಕ್ಕೆ. ಹಾರಾಟದ ನಿಯಂತ್ರಣ ಭಾಗಗಳನ್ನು ಬಿಚ್ಚಿ ಜೋಡಿಸಿದಾಗ ಬೇರೊಬ್ಬ ಅರ್ಹರು ಸ್ವತಂತ್ರವಾಗಿ ಪರೀಕ್ಷಿಸಿ ಸಹಿ ಮಾಡುವ ಪದ್ಧತಿಯ ಹಿಂದೆಯೂ ಇದೇ ವಿಚಾರವಿದೆ. ಈ ಎರಡನೆಯ ಸಹಿಗೆ ಹಿಡಿಯುವ ಸಮಯವನ್ನು ಯಾವ ವೇಳಾಪಟ್ಟಿಯೂ ಕಬಳಿಸಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹ: ಬಿಡಿಭಾಗ ಸಿಗದಿದ್ದಾಗ, ನಿಂತಿರುವ ಮತ್ತೊಂದು ವಿಮಾನದಿಂದ ತೆಗೆದು ಹಾಕುತ್ತಾರೆ ಎಂದು ಕೇಳಿದ್ದೇನೆ. ಬಳಸಿದ ಭಾಗವನ್ನು ಹೀಗೆ ಹಾಕುವುದು ಸುರಕ್ಷಿತವೇ?

ಮೂರನೆಯ ಉತ್ತರ

ಹೌದು, ಹಾಗೆ ಮಾಡುವುದುಂಟು, ಮತ್ತು ಸರಿಯಾದ ದಾಖಲೆಯೊಂದಿಗೆ ಮಾಡಿದರೆ ಅದು ಸುರಕ್ಷಿತ. ವಿಮಾನದ ಭಾಗದಲ್ಲಿ ಹೊಸದು, ಹಳೆಯದು ಎಂಬುದಕ್ಕಿಂತ ಅದರ ಚರಿತ್ರೆ ಗೊತ್ತಿದೆಯೇ ಎಂಬುದು ಮುಖ್ಯ. ಯಾರು ತಯಾರಿಸಿದರು, ಯಾವ ವಿಮಾನದಲ್ಲಿ ಎಷ್ಟು ಹಾರಿತು, ಕೊನೆಗೆ ಪರೀಕ್ಷಿಸಿ ಸಹಿ ಹಾಕಿದವರು ಯಾರು ಎಂಬುದೆಲ್ಲ ಕ್ರಮಸಂಖ್ಯೆಯ ಜೊತೆಗೆ ಸಾಗಬೇಕು. ಅಮೆರಿಕದಲ್ಲಿ 8130-3 ಎಂಬ ನಮೂನೆಯೂ ಯುರೋಪಿನಲ್ಲಿ ಈಸಾ ಫಾರ್ಮ್ 1 ಎಂಬುದೂ ಈ ಪ್ರಮಾಣಪತ್ರಗಳು. ಕಾಗದವಿಲ್ಲದ ಭಾಗ ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಪ್ರತ್ಯೇಕಿಸಿ ಇಡುತ್ತಾರೆ. 1989ರ ಸೆಪ್ಟೆಂಬರ್ 8ರಂದು ಓಸ್ಲೋದಿಂದ ಹ್ಯಾಂಬರ್ಗ್‌ಗೆ ಹೊರಟಿದ್ದ ಪಾರ್ಟ್‌ನೇರ್ ಸಂಸ್ಥೆಯ ಕಾನ್ವೇರ್ ವಿಮಾನ ಸಮುದ್ರಕ್ಕೆ ಬಿದ್ದು 55 ಮಂದಿ ಮೃತಪಟ್ಟ ದುರಂತದ ತನಿಖೆಯಲ್ಲಿ, ಬಾಲದ ನಿಲುರೆಕ್ಕೆಯನ್ನು ಹಿಡಿದಿಡುವ ಬೋಲ್ಟ್‌ಗಳು ಬೇಕಾದ ಬಲವಿಲ್ಲದ ನಕಲಿಗಳೆಂದು ಕಂಡುಬಂದಿತು.

ಕೆಲವು ಭಾಗಗಳಿಗೆ ಕಡ್ಡಾಯವಾದ ಆಯುಸ್ಸಿದೆ. ಎಂಜಿನ್ನಿನೊಳಗೆ ತಿರುಗುವ ಡಿಸ್ಕ್‌ಗಳು ಅಂಥವು. ಅವುಗಳ ಆಯುಸ್ಸನ್ನು ಸೈಕಲ್‌ಗಳಲ್ಲಿ ಎಣಿಸುತ್ತಾರೆ, ಅಂದರೆ ವಿಮಾನ ಒಂದು ಸಲ ಮೇಲೇರಿ ಇಳಿದರೆ ಒಂದು ಸೈಕಲ್. ಮಿತಿ ಮುಟ್ಟಿದ ಡಿಸ್ಕ್ ಹೊಸದರಂತೆ ಹೊಳೆಯುತ್ತಿದ್ದರೂ ಮತ್ತೆ ಹಾರುವಂತಿಲ್ಲ. ಮಿತಿಯ ಜೊತೆಗೆ ತಪಾಸಣೆಯೂ ಬೇಕೆಂಬುದನ್ನು 1989ರ ಜುಲೈ 19ರ ಯುನೈಟೆಡ್ 232ನೇ ಹಾರಾಟ ಕಲಿಸಿತು. ಬಾಲದ ಎಂಜಿನ್ನಿನ ಫ್ಯಾನ್ ಡಿಸ್ಕ್‌ನ ಟೈಟೇನಿಯಂನಲ್ಲಿ ತಯಾರಿಕೆಯಿಂದಲೇ ಇದ್ದ ದೋಷವೊಂದು ವರ್ಷಾನುಗಟ್ಟಲೆ ಬಿರುಕಾಗಿ ಬೆಳೆದಿತ್ತು, ತಪಾಸಣೆಯಲ್ಲಿ ಅದು ಕಣ್ತಪ್ಪಿತ್ತು. ಡಿಸ್ಕ್ ಸಿಡಿದಾಗ ಚೂರುಗಳು, ಹಾರಾಟದ ನಿಯಂತ್ರಣ ಭಾಗಗಳನ್ನು ದ್ರವದ ಒತ್ತಡದಿಂದ ಚಲಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಒಟ್ಟಿಗೆ ಬರಿದು ಮಾಡಿದವು. ಎಂಜಿನ್‌ಗಳ ಶಕ್ತಿಯನ್ನು ಏರಿಳಿಸಿಯೇ ದಿಕ್ಕು ತಿರುಗಿಸುತ್ತ ಪೈಲಟ್‌ಗಳು ಸೂ ಸಿಟಿಯ ರನ್‌ವೇವರೆಗೆ ತಂದಿದ್ದರಿಂದ 296 ಮಂದಿಯಲ್ಲಿ 184 ಮಂದಿ ಬದುಕುಳಿದರು. ಎರಡನೆಯ ಉತ್ತರದಲ್ಲಿ ಹೇಳಿದ ಒಂದೇ ಕಾರಣದ ಅಪಾಯ ಇಲ್ಲಿಯೂ ಇತ್ತು: ಮೂರು ವ್ಯವಸ್ಥೆಗಳ ಕೊಳವೆಗಳೂ ಆ ಎಂಜಿನ್ನಿನ ಸಮೀಪದಲ್ಲಿಯೇ ಹಾದುಹೋಗಿದ್ದವು.

ಇನ್ನೊಂದು ವಿಮಾನದಿಂದ ಭಾಗ ತೆಗೆದಾಗ ಎರಡೂ ವಿಮಾನಗಳ ದಾಖಲೆಗಳಲ್ಲಿ ನಮೂದಾಗುತ್ತದೆ, ಮತ್ತು ಭಾಗ ಕಳೆದುಕೊಂಡ ವಿಮಾನಕ್ಕೆ ಬದಲಿ ಬಂದು, ಜೋಡಣೆಯ ಪರೀಕ್ಷೆ ಮುಗಿದು, ಸಹಿಯಾಗುವವರೆಗೆ ಅದಕ್ಕೆ ಬಿಡುಗಡೆಯಿಲ್ಲ. ಕೆಲಸ ಎರಡು ಪಟ್ಟು, ತಪ್ಪಿಗೆ ಅವಕಾಶವೂ ಎರಡು ಪಟ್ಟು. ಆದ್ದರಿಂದ ಇದನ್ನು ತುರ್ತಿಗೆ ಮಾತ್ರ ಮೀಸಲಿಟ್ಟು, ಮುಖ್ಯ ನಿಲ್ದಾಣಗಳಲ್ಲಿ ಬಿಡಿಭಾಗಗಳ ದಾಸ್ತಾನಿಗೆ ಹಣ ಹಾಕುವ ಸಂಸ್ಥೆಯ ವಿಮಾನಗಳೇ ಸಮಯಕ್ಕೂ ಸರಿಯಾಗಿ ಹೊರಡುತ್ತವೆ ಎಂಬುದು ನನ್ನ ಅಭಿಪ್ರಾಯ.