ಸಹಾಯ ಬೇಕು: ಲೈಬ್ರರಿ ಪುಸ್ತಕ ಸಾಲದ ಮಿತಿಯ ನಿಯಮ ಯಾವ ಕ್ಲಾಸ್‌ನಲ್ಲಿರಬೇಕು?

ಎಲ್ಲರಿಗೂ ನಮಸ್ಕಾರ. ಲೈಬ್ರರಿ ಸಾಫ್ಟ್‌ವೇರ್‌ನ ಕ್ಲಾಸ್ ಡಯಾಗ್ರಾಮ್ (ಕ್ಲಾಸ್‌ಗಳು, ಅಂದರೆ ಆಬ್ಜೆಕ್ಟ್‌ಗಳ ಮಾದರಿಗಳು, ಅವುಗಳ ನಡುವಿನ ಸಂಬಂಧ ತೋರಿಸುವ ಚಿತ್ರ) ಒಂದು ಕಡೆ ಸಿಕ್ಕಿಹಾಕಿಕೊಂಡಿದೆ.

ಮೊದಲ ವಿನ್ಯಾಸದಲ್ಲಿ 'ಸದಸ್ಯ' ಬೇಸ್ ಕ್ಲಾಸ್ (ಮೂಲ ಮಾದರಿ). 'ವಿದ್ಯಾರ್ಥಿ', 'ಶಿಕ್ಷಕ' ಅದರ ಸಬ್‌ಕ್ಲಾಸ್‌ಗಳು. ವಿದ್ಯಾರ್ಥಿಯೇ ಮುಂದೆ ಶಿಕ್ಷಕನಾದರೆ ಕಷ್ಟ: ಜಾವಾದಲ್ಲಿ ಒಮ್ಮೆ ಸೃಷ್ಟಿಯಾದ ಆಬ್ಜೆಕ್ಟ್‌ನ ಕ್ಲಾಸ್ ಬದಲಾಗುವುದಿಲ್ಲ. ಹೊಸ ಆಬ್ಜೆಕ್ಟ್ ಮಾಡಿದರೆ ಹಳೆಯದಕ್ಕೆ ಅಂಟಿದ 'ಸಾಲ' ದಾಖಲೆಗಳನ್ನೆಲ್ಲ ಹೊಸದಕ್ಕೆ ಜೋಡಿಸಬೇಕು. ಹಾಗಾಗಿ ಇನ್‌ಹೆರಿಟೆನ್ಸ್ (ಬೇಸ್ ಕ್ಲಾಸ್‌ನಿಂದ ಗುಣ ಪಡೆಯುವುದು) ಬಿಟ್ಟು ಕಾಂಪೊಸಿಷನ್‌ಗೆ (ಒಂದರೊಳಗೆ ಇನ್ನೊಂದನ್ನು ಇಡುವುದು) ಬಂದಾಯಿತು: ಒಬ್ಬ ಸದಸ್ಯ, ಅವನೊಳಗೆ 'ಪಾತ್ರ'ಗಳ ಪಟ್ಟಿ. ಇಲ್ಲಿಯವರೆಗೆ ತಕರಾರಿಲ್ಲ.

ತೊಡಕಿರುವುದು ಮಿತಿಯಲ್ಲಿ. ವಿದ್ಯಾರ್ಥಿಗೆ 3 ಪುಸ್ತಕ, ಶಿಕ್ಷಕನಿಗೆ 10. ಎರಡೂ ಪಾತ್ರವಿದ್ದರೆ ದೊಡ್ಡದು ಅನ್ವಯ. ದಂಡ ಬಾಕಿಯಿದ್ದರೆ ಒಂದೂ ಇಲ್ಲ. 'ಸಾಲ ಪಡೆಯಬಹುದೇ' ಮೆಥಡ್ (ಕ್ಲಾಸ್‌ನೊಳಗಿನ ಫಂಕ್ಷನ್) ಅನ್ನು ಸದಸ್ಯದಲ್ಲಿಟ್ಟರೆ ಅದು ಸಾಲ, ದಂಡ, ಕಾಯ್ದಿರಿಸುವಿಕೆ ಮೂರನ್ನೂ ಅವಲಂಬಿಸುತ್ತದೆ. ಒಂದು ಯೂನಿಟ್ ಟೆಸ್ಟ್‌ಗೆ ಮೂರು ಮಾಕ್ (ಪರೀಕ್ಷೆಗಾಗಿ ನಿಜವಾದುದರ ಬದಲು ಇಡುವ ನಕಲಿ ಆಬ್ಜೆಕ್ಟ್) ಬೇಕು. ಬೇರೆ 'ಸಾಲನೀತಿ' ಕ್ಲಾಸ್‌ಗೆ ಸಾಗಿಸಿದರೆ ಸದಸ್ಯದಲ್ಲಿ ಬರೀ ಗೆಟರ್-ಸೆಟರ್ (ಮೌಲ್ಯ ಓದುವ, ಬರೆಯುವ ಮೆಥಡ್‌ಗಳು) ಉಳಿಯುತ್ತವೆ (ಹೆಸರಿಗೆ ಆಬ್ಜೆಕ್ಟ್, ಒಳಗೆ ಡೇಟಾಬೇಸ್ ಟೇಬಲ್ಲಿನ ಸಾಲು).

ಮಿತಿಯ ಸಂಖ್ಯೆ ಪಾತ್ರದಲ್ಲಿ, ದೊಡ್ಡದನ್ನು ಆರಿಸುವ ಕೆಲಸ ಸದಸ್ಯದಲ್ಲಿ, ದಂಡದ ತಪಾಸಣೆ ಮಾತ್ರ ನೀತಿಯಲ್ಲಿ ಎಂದು ಒಡೆಯುವುದು ಸರಿಯೇ? ಇಲ್ಲ, ಒಂದೇ ನಿಯಮ ಮೂರು ಕಡೆ ಚದುರಿದಂತಾಗುತ್ತದೆಯೇ? ಡಿಸೈನ್ ಪ್ಯಾಟರ್ನ್‌ನ (ಸಿದ್ಧ ವಿನ್ಯಾಸ ಮಾದರಿಯ) ಹೆಸರಷ್ಟೇ ಸಾಲದು. ಯಾವ ಮೆಥಡ್ ಎಲ್ಲಿ, ಯಾರು ಯಾರನ್ನು ಕರೆಯುತ್ತಾರೆ ಎಂದು ಸೀಕ್ವೆನ್ಸ್ ಡಯಾಗ್ರಾಮ್ (ಕರೆಗಳ ಕ್ರಮ ತೋರಿಸುವ ಚಿತ್ರ) ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.